ಯಲಹಂಕ ಉಪನಗರ: ನಡೆದು ಹೋಗುವ ದೂರದಲ್ಲಿ ಒಳ್ಳೆಯ ಫಿಲ್ಟರ್ ಕಾಫಿ ಎಲ್ಲಿ? ಅಂಗಡಿಯನ್ನು ನೀವು ಹೇಗೆ ಅಳೆಯುತ್ತೀರಿ?

ನಿತ್ಯಕಾಫಿ

ಎಲ್ಲರಿಗೂ ನಮಸ್ಕಾರ. ಗಾಂಧಿಬಜಾರಿನ ಬಾಡಿಗೆ ಮನೆ ಬಿಟ್ಟು ಯಲಹಂಕ ಉಪನಗರಕ್ಕೆ ಬಂದಿದ್ದೇವೆ. ಮನೆ ಹಿತವಾಗಿದೆ, ಗಾಳಿ ಬೆಳಕು ಧಾರಾಳವಾಗಿದೆ, ನೆರೆಹೊರೆಯವರೂ ಒಳ್ಳೆಯವರು. ಬೆಳಿಗ್ಗೆ ನಡೆದು ಹೋಗಿ ಕುಡಿದು ಬರುವಂಥ ಕಾಫಿ ಅಂಗಡಿ ಮಾತ್ರ ಇನ್ನೂ ಸಿಕ್ಕಿಲ್ಲ. ಗಾಂಧಿಬಜಾರಿನಲ್ಲಿ ಇದನ್ನು ಹುಡುಕುವ ಪ್ರಮೇಯವೇ ಬಂದಿರಲಿಲ್ಲ.

ನನಗೆ ಬೇಕಾದದ್ದು ಏನೆಂದು ಬಿಡಿಸಿ ಹೇಳುತ್ತೇನೆ. ಹಾಲು ಹಾಕಿದ ಫಿಲ್ಟರ್ ಕಾಫಿ. ಚಿಕೋರಿ ಇದ್ದರೆ ಇರಲಿ, ಆದರೆ ಅದು ಕಾಫಿಯ ಮೇಲೆ ಸವಾರಿ ಮಾಡಬಾರದು. ಡಿಕಾಕ್ಷನ್ ಆಗಷ್ಟೇ ಇಳಿದದ್ದಾಗಿರಬೇಕು. ಹಾಲು ಬೆಳಗಿನಿಂದ ಕುದಿದು ಕುದಿದು ಬಾಸುಂದಿಯ ವಾಸನೆ ಹಿಡಿದಿರಬಾರದು. ಸಕ್ಕರೆ ನಾನು ಹೇಳಿದಷ್ಟೇ. ಲೋಟ ಸ್ಟೀಲಿನದಾದರೂ ಸರಿ, ಗಾಜಿನದಾದರೂ ಸರಿ, ಕಾಗದದ್ದು ಬೇಡ. ತುಟಿಗೆ ಇಟ್ಟಾಗ ಚುರುಕ್ ಎನ್ನುವಷ್ಟು ಬಿಸಿ ಇರಬೇಕು.

ಇಲ್ಲಿ ದರ್ಶಿನಿಗಳಿವೆ, ಯಂತ್ರದ ಕಾಫಿಯ ದೊಡ್ಡ ಮಳಿಗೆಗಳಿವೆ, ಬೇಕರಿಗಳಂತೂ ರಸ್ತೆಗೊಂದು. ಬೇಕರಿಗಳಲ್ಲಿ ಚಹಾ ಚೆನ್ನಾಗಿಯೇ ಇರುತ್ತದೆ, ಕಾಫಿ ಕೇಳಿದರೆ ಇನ್‌ಸ್ಟಂಟ್ ಪುಡಿ ಕಲಸಿಕೊಡುತ್ತಾರೆ. ಮನೆಗೆ ಹತ್ತಿರದ ಒಂದು ದರ್ಶಿನಿಯಲ್ಲಿ ಬೆಳಗಿನ ಕಾಫಿಗೂ ಸಂಜೆಯ ಕಾಫಿಗೂ ಸಂಬಂಧವೇ ಇರುವುದಿಲ್ಲ. ಅದೇ ಅಂಗಡಿ, ಅದೇ ಪುಡಿ, ಅದೇ ಬೆಲೆ. ಹೀಗೇಕೆ?

ಅಂಗಡಿಗಳ ಹೆಸರು ಹೇಳಿದರೆ ಸಂತೋಷ. ಅದಕ್ಕಿಂತ ಹೆಚ್ಚಾಗಿ, ಹೊಸ ಬಡಾವಣೆಗೆ ಹೋದಾಗ ಒಂದು ಕಾಫಿ ಅಂಗಡಿಯನ್ನು ನೀವು ಹೇಗೆ ಅಳೆಯುತ್ತೀರಿ ಎಂದು ತಿಳಿಯುವ ಆಸೆ.

ಎಂಟನೇ ಕ್ರಾಸ್, ಮಲ್ಲೇಶ್ವರ

ಹೆಸರು ಕೇಳಿಕೊಂಡು ಹೋಗಬೇಡಿ ಸರ್, ವ್ಯಾಪಾರ ನೋಡಿಕೊಂಡು ಹೋಗಿ. ಡಿಕಾಕ್ಷನ್ ಖರ್ಚಾಗುವ ವೇಗದಲ್ಲಿಯೇ ಎಲ್ಲವೂ ಇದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಡೆಯುತ್ತಿದೆ. ಅಲ್ಲಿನ ತಿಂಡಿಗಳ ಪಟ್ಟಿ ಬೆರಳೆಣಿಕೆಯದು: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್. ತಿಂಡಿ ತಿಂದವರೆಲ್ಲ ಕೊನೆಗೆ ಕಾಫಿಗೇ ಬರುತ್ತಾರೆ, ಹಾಗಾಗಿ ಡಿಕಾಕ್ಷನ್ ಹಳಸುವುದಕ್ಕೆ ಪುರುಸೊತ್ತೇ ಇರುವುದಿಲ್ಲ.

ಪಟ್ಟಿ ಉದ್ದವಾದಷ್ಟೂ ಕಾಫಿ ಮೂಲೆಗೆ ಸರಿಯುತ್ತದೆ. ಗೋಬಿ ಮಂಚೂರಿ, ಪನ್ನೀರ್ ಮಸಾಲ, ಹಣ್ಣಿನ ರಸ, ಐಸ್‌ಕ್ರೀಂ ಎಲ್ಲವನ್ನೂ ಮಾಡುವ ಕಡೆ ಕಾಫಿ ಕಲಸುವವನಿಗೆ ಅದೊಂದೇ ಕೆಲಸ ಇರುವುದಿಲ್ಲ. ನಿಮ್ಮ ಕಡೆ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಜನ ನಿಂತು ಕಾಫಿ ಕುಡಿಯುವ ಜಾಗ ಯಾವುದೆಂದು ಗುರುತು ಮಾಡಿಕೊಳ್ಳಿ. ಅರ್ಧ ಕೆಲಸ ಮುಗಿಯಿತು.

ಸಹಕಾರನಗರದವಳು

ಮೇಲಿನ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಜನ ಸೇರುವುದು ಕಾಫಿಗಾಗಿಯೇ ಎಂದು ಹೇಗೆ ಹೇಳುವುದು? ದೋಸೆಗೆ ಬರುತ್ತಾರೆ, ಗಾಡಿ ನಿಲ್ಲಿಸಲು ಜಾಗವಿದೆಯೆಂದು ಬರುತ್ತಾರೆ. ಜನದಟ್ಟಣೆ ಇರುವ ಎಷ್ಟೋ ದರ್ಶಿನಿಗಳಲ್ಲಿ ಲೋಟಗಳನ್ನು ಸಾಲಾಗಿ ಜೋಡಿಸಿ ಎಲ್ಲಕ್ಕೂ ಸಕ್ಕರೆ ಹಾಕಿಯೇ ಇಟ್ಟಿರುತ್ತಾರೆ. ನನ್ನ ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆ. "ಸಕ್ಕರೆ ಬೇಡ" ಎಂದರೆ ಆ ಸಾಲಿನಿಂದ ಲೋಟವನ್ನೇ ಬದಲಾಯಿಸಬೇಕು, ಹಿಂದೆ ನಿಂತವರು ಆಗಲೇ ಟೋಕನ್ ಚಾಚಿರುತ್ತಾರೆ. ಅಂಥ ಗಡಿಬಿಡಿಯಲ್ಲಿ ಎಷ್ಟೋ ಸಲ ಸಿಹಿ ಕಾಫಿಯೇ ಕೈಗೆ ಬರುತ್ತದೆ.

ನಾನು ಅಂಗಡಿಯನ್ನು ಅಳೆಯುವುದು ಇದರಿಂದಲೇ: ಸಕ್ಕರೆ ಬೇಡವೆಂದಾಗ ಮುಖ ಸಿಂಡರಿಸದೆ ಹೊಸ ಲೋಟ ತೆಗೆದುಕೊಳ್ಳುತ್ತಾರೆಯೇ? ತೆಗೆದುಕೊಂಡರೆ ಅಲ್ಲಿ ಉಳಿದ ಕೆಲಸವೂ ನಿಗಾದಿಂದ ನಡೆಯುತ್ತದೆ.

ಇನ್ನೊಂದು ಮಾತು. ಕುಳಿತು ಕುಡಿಯುವ ಜಾಗವೂ ಮುಖ್ಯ. ನಿಂತೇ ಕುಡಿಯಬೇಕಾದ ಕಡೆ ವಯಸ್ಸಾದವರನ್ನು ಕರೆದುಕೊಂಡು ಹೋಗುವುದು ಕಷ್ಟ. ಒಂದು ಕಾಫಿ ಮುಂದಿಟ್ಟುಕೊಂಡು ಎಷ್ಟು ಹೊತ್ತು ಬೇಕಾದರೂ ಕುಳಿತಿರಬಹುದಾದ ಇಂಡಿಯನ್ ಕಾಫಿ ಹೌಸ್ ಎಂ.ಜಿ. ರಸ್ತೆಯಲ್ಲಿತ್ತು, 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಕಾಫಿ ಮಂಡಳಿ ಕೈಬಿಟ್ಟಾಗ ಕಾರ್ಮಿಕರೇ 1957ರಲ್ಲಿ ಸಹಕಾರ ಸಂಘ ಕಟ್ಟಿ ಉಳಿಸಿಕೊಂಡ ಸಂಸ್ಥೆ ಅದು. ಉತ್ತರ ಬೆಂಗಳೂರಿನ ಬಡಾವಣೆಗಳಿಗೆ ಅಂಥದ್ದೊಂದು ಬರಬೇಕೆಂದು ನನಗೆ ಬಹಳ ಆಸೆ.

ಪುಡಿ ಅಂಗಡಿ, ಮೈಸೂರು

ನಮ್ಮದು ಕಾಫಿ ಹುರಿದು ಪುಡಿ ಮಾಡಿ ಮಾರುವ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಾನೆ. ನಿತ್ಯಕಾಫಿಯವರು ಕೇಳಿದ್ದಕ್ಕೆ ಪುಡಿಯ ಕಡೆಯಿಂದ ಉತ್ತರ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಹೋಟೆಲಿನವರು ನಮ್ಮಲ್ಲಿಗೆ ಬಂದಾಗ ಮೊದಲು ಕೇಳುವುದು ಬೀಜದ ಜಾತಿಯನ್ನಲ್ಲ, ಒಂದು ಕಿಲೋ ಪುಡಿಗೆ ಎಷ್ಟು ಲೋಟ ಆಗುತ್ತದೆ ಎಂದು. ಚಿಕೋರಿ ಪ್ರವೇಶ ಮಾಡುವುದೇ ಅಲ್ಲಿ. ಚಿಕೋರಿ ಎಂದರೆ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಅದರಲ್ಲಿ ಕೆಫೀನ್ ಇಲ್ಲ. ನೀರಿನಲ್ಲಿ ಕಾಫಿಗಿಂತ ಹೆಚ್ಚು ಕರಗುತ್ತದೆ, ಹಾಗಾಗಿ ಡಿಕಾಕ್ಷನ್ ಕಪ್ಪಾಗಿ, ಮಂದವಾಗಿ, ಹೆಚ್ಚು ಬಂದಂತೆ ಕಾಣುತ್ತದೆ. ನೂರಕ್ಕೆ ಹದಿನೈದು ಇಪ್ಪತ್ತು ಭಾಗ ಹಾಕಿದರೆ ಹಾಲಿನ ಕಾಫಿಗೆ ಮೈ ಬರುತ್ತದೆ, ಅದನ್ನು ನಾನು ತಪ್ಪೆನ್ನುವುದಿಲ್ಲ. ನಮ್ಮ ಹಳೆಯ ಗಿರಾಕಿಗಳಲ್ಲಿ ಬಹುಮಂದಿಗೆ 80:20 ಇಲ್ಲದಿದ್ದರೆ ಕಾಫಿ ಕುಡಿದ ತೃಪ್ತಿಯೇ ಇಲ್ಲ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು ಮತ್ತು ಪೊಟ್ಟಣದ ಮೇಲೆ ಎರಡರ ಪ್ರಮಾಣವನ್ನೂ ಬರೆಯಬೇಕು. ಅಂದರೆ ಶೇ 49ರಷ್ಟು ಚಿಕೋರಿ ಇರುವ ಪುಡಿಯನ್ನು ಮಾರುವುದಕ್ಕೂ ಅಡ್ಡಿಯಿಲ್ಲ. ಅದನ್ನು ಕುಡಿದವರಿಗೆ ಗಂಟಲಿನಲ್ಲಿ ಸುಟ್ಟ ಬೆಲ್ಲದಂಥ ಒಂದು ಸಿಹಿಗಹಿ ಉಳಿಯುತ್ತದೆ. ನಿಮಗೆ ಬೇಡವಾದದ್ದು ಅದೇ ಇರಬೇಕು.

ಇನ್ನು ಬೀಜ. ಅರೇಬಿಕಾ, ರೋಬಸ್ಟಾ ಎಂದು ಮುಖ್ಯವಾಗಿ ಎರಡು ಜಾತಿ. ನೀರಿನಲ್ಲಿ ತೊಳೆದು ಸಂಸ್ಕರಿಸಿದ ಅರೇಬಿಕಾಕ್ಕೆ ನಾವು ಪ್ಲಾಂಟೇಶನ್ ಎನ್ನುತ್ತೇವೆ, ಹಣ್ಣಿನ ಸಮೇತ ಒಣಗಿಸಿದ್ದಕ್ಕೆ ಚೆರಿ. ತೊಳೆದ ರೋಬಸ್ಟಾಕ್ಕೆ ಪಾರ್ಚ್‌ಮೆಂಟ್. ಪ್ಲಾಂಟೇಶನ್ ಎ (ದೊಡ್ಡ ಬೀಜದ ದರ್ಜೆ), ಪೀಬೆರಿ ಎಂದು ಪಟ್ಟಿಯಲ್ಲಿ ಬರೆದಿರುವುದನ್ನು ನೀವು ನೋಡಿರುತ್ತೀರಿ. ಒಂದು ಹಣ್ಣಿನಲ್ಲಿ ಎರಡು ಬೀಜದ ಬದಲು ಒಂದೇ ದುಂಡನೆಯ ಬೀಜ ಬೆಳೆದರೆ ಅದು ಪೀಬೆರಿ. ದುಂಡಗಿರುವುದರಿಂದ ಹುರಿಯುವಾಗ ಸಮನಾಗಿ ಉರುಳುತ್ತದೆ. ನನಗೆ ಕೇಳಿದರೆ ಮನೆ ಕಾಫಿಗೆ ಪ್ಲಾಂಟೇಶನ್ ಎ ಮತ್ತು ಪೀಬೆರಿ ಅರ್ಧರ್ಧ, ಹತ್ತು ಹದಿನೈದು ಭಾಗ ಚಿಕೋರಿ, ಮಧ್ಯಮಕ್ಕಿಂತ ಒಂದು ಕೂದಲಷ್ಟು ಹೆಚ್ಚು ಹುರಿ.

ಅಂಗಡಿಯನ್ನು ಅಳೆಯಲು ನನ್ನ ಸಲಹೆ ಇಷ್ಟೇ: ಯಾವ ಪುಡಿ ತರಿಸುತ್ತೀರಿ, ಎಷ್ಟು ದಿನಕ್ಕೊಮ್ಮೆ ತರಿಸುತ್ತೀರಿ ಎಂದು ಕೇಳಿ. ಒಳ್ಳೆಯ ಹೋಟೆಲಿನವನು ಇದನ್ನು ಮುಚ್ಚಿಡುವುದಿಲ್ಲ, ಅಭಿಮಾನದಿಂದಲೇ ಹೇಳುತ್ತಾನೆ. ಸಂಶಯವಿದ್ದರೆ ಅದೇ ಪುಡಿಯನ್ನು ಸ್ವಲ್ಪ ತಂದು ಗಾಜಿನ ಲೋಟದ ತಣ್ಣೀರಿನ ಮೇಲೆ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕೆಲವೇ ಕ್ಷಣಗಳಲ್ಲಿ ಕಂದು ಎಳೆ ಬಿಡುತ್ತಾ ತಳಕ್ಕೆ ಇಳಿಯುತ್ತದೆ. ಎಳೆಗಳು ಎಷ್ಟು ದಟ್ಟವೋ ಬೇರು ಅಷ್ಟು ಹೆಚ್ಚು.

ನಿತ್ಯಕಾಫಿ

ಪುಡಿ ಅಂಗಡಿಯವರೇ, ಅನಂತ ಧನ್ಯವಾದ. ತಣ್ಣೀರಿನ ಪರೀಕ್ಷೆಯನ್ನು ಮನೆಯಲ್ಲಿದ್ದ ಪೊಟ್ಟಣದ ಮೇಲೆ ಮಾಡಿ ನೋಡಿದೆ. ನೀವು ಹೇಳಿದ ಹಾಗೆಯೇ ಲೋಟದ ತುಂಬ ಎಳೆಗಳು ಇಳಿದವು. ಪೊಟ್ಟಣದ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಕಾಫಿ ಶೇ 53 ಎಂದು ಬರೆದಿದೆ. ಮುಂಭಾಗದಲ್ಲಿ ಮಾತ್ರ ಹಬೆಯಾಡುವ ಲೋಟ, ಕಾಫಿ ಹಣ್ಣಿನ ಗೊಂಚಲು.

ಸಹಕಾರನಗರದ ಮೇಡಂ ಹೇಳಿದ ಸಕ್ಕರೆಯ ಪರೀಕ್ಷೆ ಬಹಳ ಚೆನ್ನಾಗಿದೆ. ಆದರೆ ಬೆಳಗಿನ ಕಾಫಿ ಸಂಜೆಗೆ ಕೆಡುವುದೇಕೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಹದವಾದ ಹುರಿ

ಅದಕ್ಕೆ ಕಾರಣ ರಸಾಯನಶಾಸ್ತ್ರದಲ್ಲಿದೆ. ಇಳಿಸಿದ ಕಾಫಿಯನ್ನು ಬಿಸಿಯಾಗಿಯೇ ಇಟ್ಟರೆ ಅದರಲ್ಲಿರುವ ಕ್ಲೋರೋಜೆನಿಕ್ ಆಮ್ಲಗಳು ಒಡೆದು ಕ್ವಿನಿಕ್ ಆಮ್ಲ ಹೆಚ್ಚುತ್ತದೆ. ನಾಲಗೆಯ ಬದಿಗಳನ್ನು ಹಿಡಿಯುವ ಆ ಒಗರು ಹುಳಿ ಅದರದ್ದು. ಪರಿಮಳವಂತೂ ಮೊದಲೇ ಹಾರಿಹೋಗಿರುತ್ತದೆ. ಆಮೇಲೆ ಎಷ್ಟು ಹಾಲು ಸಕ್ಕರೆ ಹಾಕಿದರೂ ಅಷ್ಟೇ.

ಹಾಗಾಗಿಯೇ ಹೇಳುತ್ತೇನೆ, ಯಂತ್ರದ ಕಾಫಿಯ ಮಳಿಗೆಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ. ಎಸ್ಪ್ರೆಸೊದಲ್ಲಿ ಹಳೆಯ ಡಿಕಾಕ್ಷನ್ ಎಂಬ ಮಾತೇ ಇಲ್ಲ. ನೀವು ಕೇಳಿದ ಮೇಲೆ ಬೀಜ ಪುಡಿಯಾಗುತ್ತದೆ. ಸುಮಾರು 18 ಗ್ರಾಂ ಪುಡಿ, 9 ಬಾರ್ ಒತ್ತಡ, 25ರಿಂದ 30 ಸೆಕೆಂಡಿನಲ್ಲಿ ಹೆಚ್ಚುಕಡಿಮೆ 36 ಗ್ರಾಂ ರಸ. ಬೆಳಿಗ್ಗೆ ಎಂಟಕ್ಕೂ ಸಂಜೆ ನಾಲ್ಕಕ್ಕೂ ಅದೇ ಲೆಕ್ಕ. ಒಳ್ಳೆಯ ಮಳಿಗೆಯವರು ಪೊಟ್ಟಣದ ಮೇಲೆ ಹುರಿದ ದಿನಾಂಕ, ತೋಟದ ಹೆಸರು, ತಳಿ ಎಲ್ಲವನ್ನೂ ಬರೆಯುತ್ತಾರೆ. ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಎಸ್.795 ತಳಿಯ ಕಾಫಿಯನ್ನು ಹಾಲಿಲ್ಲದೆ ಒಮ್ಮೆ ಕುಡಿದು ನೋಡಿ ಸರ್. ಚಿಕ್ಕಮಗಳೂರಿನ ಬೆಟ್ಟದಲ್ಲಿ ಏನು ಬೆಳೆಯುತ್ತದೆ ಎಂದು ನಮಗೇ ತಿಳಿದಿರಲಿಲ್ಲ ಅನಿಸುತ್ತದೆ.

ಎಂಟನೇ ಕ್ರಾಸ್, ಮಲ್ಲೇಶ್ವರ

ತಮ್ಮಾ, ಎಲ್ಲ ಸರಿ. ಒಂದು ಲೋಟಕ್ಕೆ ಇನ್ನೂರು ರೂಪಾಯಿ ಮೇಲೆ ಕೊಟ್ಟು ದಿನಕ್ಕೆರಡು ಬಾರಿ ಕುಡಿಯುವವರು ಎಷ್ಟು ಜನ? ನಿತ್ಯಕಾಫಿಯವರು ಕೇಳುತ್ತಿರುವುದು ನಿತ್ಯದ ಕಾಫಿ.

ಹದವಾದ ಹುರಿ

ಬೆಲೆಯ ಮಾತು ಒಪ್ಪಿದೆ ಸರ್. ನಿತ್ಯವೂ ಅಲ್ಲಿಗೇ ಹೋಗಿ ಎನ್ನುತ್ತಿಲ್ಲ. ಅವರು ಪಾಲಿಸುವ ಶಿಸ್ತನ್ನು ದರ್ಶಿನಿಗಳೂ ಪಾಲಿಸಬಹುದು ಎಂಬುದಷ್ಟೇ ನನ್ನ ಮಾತು. ಹುರಿದ ದಿನಾಂಕ ಬರೆಯುವುದಕ್ಕೆ ಹೆಚ್ಚಿನ ಖರ್ಚು ಏನಿದೆ?

ಮೆಲ್ಬರ್ನ್ ಕನ್ನಡತಿ

ನಾನಿರುವ ಊರು ಕಾಫಿಗೆ ಹೆಸರಾದದ್ದು. ಪ್ರತಿ ಬೀದಿಯಲ್ಲೂ ಒಳ್ಳೆಯ ಮಳಿಗೆಗಳಿವೆ, ಕೆಲಸಗಾರರು ಕಸುಬನ್ನು ಪ್ರೀತಿಯಿಂದ ಮಾಡುತ್ತಾರೆ. ಆದರೂ ಬಂದ ಹೊಸದರಲ್ಲಿ ನನಗೆ ಪ್ರತಿ ಲೋಟವೂ ಆರಿದ ಕಾಫಿಯಂತೆಯೇ ಅನಿಸುತ್ತಿತ್ತು. ಇಲ್ಲಿ ಹಾಲನ್ನು ಹಬೆಯಿಂದ 60-65 ಡಿಗ್ರಿಗೆ ಕಾಯಿಸಿ ನಿಲ್ಲಿಸುತ್ತಾರೆ. ಅದಕ್ಕಿಂತ ಬಿಸಿಯಾದರೆ ಹಾಲಿನ ಸಿಹಿ ಮತ್ತು ನುಣುಪು ಹೋಗುತ್ತದೆ ಎನ್ನುವುದು ಇವರ ನಂಬಿಕೆ, ಅವರ ಕಾಫಿಗೆ ಅದು ನಿಜವೂ ಹೌದು. ನಮ್ಮ ಫಿಲ್ಟರ್ ಕಾಫಿಗೆ ಕುದಿದ ಹಾಲೇ ಬೇಕು, ಚಿಕೋರಿಯೂ ಗಾಢ ಹುರಿಯೂ ಆ ಹಾಲಿಗೆ ತಕ್ಕಂತೆ ಬೆಳೆದುಬಂದಿವೆ. ಎರಡೂ ಬೇರೆ ಪಾನೀಯಗಳು ಎಂದುಕೊಂಡ ಮೇಲೆ ಎರಡನ್ನೂ ಇಷ್ಟಪಟ್ಟು ಕುಡಿಯುತ್ತೇನೆ. ಬೆಳಿಗ್ಗೆ ಮನೆಯಲ್ಲಿ ಫಿಲ್ಟರ್, ಮಧ್ಯಾಹ್ನ ಆಚೆ ಫ್ಲ್ಯಾಟ್ ವೈಟ್, ಅಂದರೆ ಎಸ್ಪ್ರೆಸೊಗೆ ಹಬೆಯಲ್ಲಿ ಕಾಯಿಸಿದ ಹಾಲು ಬೆರೆಸಿದ್ದು.

ನಿತ್ಯಕಾಫಿಯವರಿಗೆ ಚುರುಕ್ ಎನ್ನುವ ಬಿಸಿ ಬೇಕಿದ್ದರೆ ಯಂತ್ರದ ಮಳಿಗೆಯಲ್ಲಿ "ಹಾಲು ಹೆಚ್ಚು ಬಿಸಿ ಮಾಡಿ" ಎಂದು ಮೊದಲೇ ಹೇಳಬೇಕು. ಕಲಸಿದ ಮೇಲೆ ಮತ್ತೆ ಬಿಸಿ ಮಾಡಿಸಿದರೆ ಎರಡೂ ಕೆಟ್ಟವು.

ಸಕಲೇಶಪುರದ ತೋಟ

ಬೆಳೆಯುವವರ ಕಡೆಯಿಂದಲೂ ಒಂದು ಮಾತು. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು, ಕೊಡಗು, ಚಿಕ್ಕಮಗಳೂರು, ಹಾಸನದ್ದು. ಅದರ ಬಹುಪಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಭೌಗೋಳಿಕ ಗುರುತು ಸಿಕ್ಕಿತು. ಆ ಹೆಸರುಗಳನ್ನು ಇಟಲಿಯ ವ್ಯಾಪಾರಿ ಕೇಳುತ್ತಾನೆ, ಬೆಂಗಳೂರಿನ ಗಿರಾಕಿ ಕೇಳುವುದಿಲ್ಲ. ನೀವು ಕೇಳಲು ಶುರುಮಾಡಿದರೆ ಹೋಟೆಲಿನವರು ತರಿಸುತ್ತಾರೆ.

ರೋಬಸ್ಟಾವನ್ನು ಕೀಳಾಗಿ ಕಾಣುವ ರೂಢಿಯೂ ಬಿಡಬೇಕು. ಚೆನ್ನಾಗಿ ತೊಳೆದು ಒಣಗಿಸಿದ ರೋಬಸ್ಟಾ ಪಾರ್ಚ್‌ಮೆಂಟನ್ನು ಮಿಶ್ರಣಕ್ಕೆ ಸೇರಿಸಿದರೆ ನೊರೆ ಬರುತ್ತದೆ, ಗಟ್ಟಿತನ ಬರುತ್ತದೆ, ಚಿಕೋರಿಯ ಹಂಗು ಅಷ್ಟು ಬೇಕಾಗುವುದಿಲ್ಲ. ಕೆಫೀನ್ ಅರೇಬಿಕಾದ ಎರಡರಷ್ಟಕ್ಕೆ ಹತ್ತಿರ, ರಾತ್ರಿ ಕುಡಿಯುವವರು ಎಚ್ಚರದಿಂದಿರಲಿ.

ಇನ್ನು ಇತ್ತೀಚೆಗೆ ಅನೇಕ ಅಂಗಡಿಗಳ ರುಚಿ ಬದಲಾಗಿರುವುದಕ್ಕೆ ಬೆಲೆಯೂ ಕಾರಣವಿರಬಹುದು. ಬ್ರೆಜಿಲ್ ಮತ್ತು ವಿಯೆಟ್ನಾಂಗಳಲ್ಲಿ ಬರ ಬಿದ್ದು, 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಅದೇ ವರ್ಷ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಪುಡಿಯೂ ಹಾಲೂ ಒಟ್ಟಿಗೆ ಏರಿದಾಗ ಹೋಟೆಲಿನವನಿಗೆ ಎರಡೇ ದಾರಿ: ಲೋಟದ ಬೆಲೆ ಏರಿಸುವುದು, ಇಲ್ಲವೇ ಪುಡಿಯನ್ನು ಅಗ್ಗ ಮಾಡುವುದು. ಎರಡು ಮೂರು ರೂಪಾಯಿ ಹೆಚ್ಚು ಕೇಳುವ ಅಂಗಡಿಯನ್ನು ಗೌರವಿಸಿ. ಬೆಲೆ ಏರಿಸದೆ ಅದೇ ಕಾಫಿ ಎನ್ನುವವನಲ್ಲಿ ಏನು ಬದಲಾಯಿತು ಎಂದು ಕೇಳಿ.

ಪುಡಿ ಅಂಗಡಿ, ಮೈಸೂರು

ತೋಟದವರ ಮಾತು ಅಕ್ಷರಶಃ ನಿಜ. ನಮ್ಮಲ್ಲಿಗೆ ಬರುವ ಹೋಟೆಲಿನವರಲ್ಲಿ 80:20 ಇದ್ದವರು 70:30ಕ್ಕೆ, ಅಲ್ಲಿಂದ 60:40ಕ್ಕೆ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇವೆ.

ಕಾಫಿ ಕಟ್ಟೆ

ನಾನು ದರ್ಶಿನಿಗಳಲ್ಲಿ ಕಾಫಿ ಕಲಸುವ ಕೆಲಸ ಮಾಡಿಕೊಂಡು ಬಂದವನು. ಕುಂದಾಪುರದ ಕಡೆಯವನು, ಹುಡುಗನಾಗಿದ್ದಾಗಲೇ ಬೆಂಗಳೂರಿಗೆ ಬಂದೆ. ಇಷ್ಟೆಲ್ಲ ತಿಳಿದವರ ನಡುವೆ ಕಟ್ಟೆಯ ಹಿಂದೆ ಏನು ನಡೆಯುತ್ತದೆ ಎಂದು ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನೆಯ ಫಿಲ್ಟರಿನಲ್ಲಿ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ನಮ್ಮಲ್ಲಿ ಅದು ಸಾಲುವುದಿಲ್ಲ. ದೊಡ್ಡ ಪಾತ್ರೆಯ ಬಾಯಿಗೆ ಬಟ್ಟೆಯ ಚೀಲ ಕಟ್ಟಿ, ಪುಡಿ ಸುರಿದು, ಕುದಿ ಬಂದ ನೀರನ್ನು ಸುತ್ತಲೂ ನಿಧಾನವಾಗಿ ಹೊಯ್ಯುತ್ತೇವೆ. ಪುಡಿ ಮೊದಲು ಉಬ್ಬಬೇಕು. ಉಬ್ಬದಿದ್ದರೆ ಪುಡಿ ಹಳೆಯದು ಎಂದು ನಮಗೆ ಆಗಲೇ ಗೊತ್ತಾಗುತ್ತದೆ. ಮೊದಲ ಸುತ್ತಿನಲ್ಲಿ ಇಳಿಯುವುದು ಗಟ್ಟಿ. ಅದೇ ಪುಡಿಗೆ ಮತ್ತೆ ನೀರು ಹೊಯ್ದರೆ ಎರಡನೇ ಡಿಕಾಕ್ಷನ್, ಬಣ್ಣ ಇರುತ್ತದೆ, ಜೀವ ಇರುವುದಿಲ್ಲ. ಕೆಲವು ಮಾಲೀಕರು ಎರಡನ್ನೂ ಬೆರೆಸಲು ಹೇಳುತ್ತಾರೆ, ಕೆಲವರು ಎರಡನೆಯದನ್ನು ಚೆಲ್ಲಿಸುತ್ತಾರೆ. ಅಂಗಡಿ ಎಂಥದ್ದು ಎನ್ನುವುದು ಅಲ್ಲಿಯೇ ತೀರ್ಮಾನವಾಗುತ್ತದೆ. ಬಟ್ಟೆಯ ಚೀಲವನ್ನು ದಿನವೂ ಕುದಿನೀರಿನಲ್ಲಿ ತೊಳೆದು ಒಣಗಿಸಬೇಕು. ತೊಳೆಯದ ಚೀಲದ ಕಮಟು ಎಂಥ ಪುಡಿಯನ್ನೂ ಕೆಡಿಸುತ್ತದೆ. ಸೋಪು ಹಾಕಿದರೂ ಕೆಟ್ಟಿತು, ಅದರ ವಾಸನೆ ಮೂರು ದಿನ ಹೋಗುವುದಿಲ್ಲ.

ಸಂಜೆಯ ಕಾಫಿ ಕೆಡುವುದೇಕೆ ಎಂದು ಕೇಳಿದಿರಿ. ಬೆಳಿಗ್ಗೆ ಏಳರಿಂದ ಹತ್ತೂವರೆ ತನಕ ನಮಗೆ ಉಸಿರು ಬಿಡಲು ಬಿಡುವಿರುವುದಿಲ್ಲ, ಡಿಕಾಕ್ಷನ್ ಇಳಿದ ಹಾಗೆ ಖಾಲಿ. ಹನ್ನೊಂದರ ನಂತರ ಊಟದ ಹೊತ್ತು, ಕಾಫಿ ಕೇಳುವವರು ಕಡಿಮೆ. ಆಗ ಉಳಿದದ್ದನ್ನು ಬಿಸಿನೀರಿನ ತೊಟ್ಟಿಯಲ್ಲಿಟ್ಟು ಕಾಯಿಸುತ್ತಲೇ ಇರುತ್ತೇವೆ. ಮೂರೂವರೆಗೆ ಬಂದವರ ಲೋಟಕ್ಕೆ ಬೀಳುವುದು ಅದು. ನಾಲ್ಕೂಕಾಲು, ನಾಲ್ಕೂವರೆಗೆ ಹೊಸದು ಇಳಿಯುತ್ತದೆ. ಹಾಲೂ ಹಾಗೆಯೇ. ಬೆಳಗಿನ ಹಾಲು ಮಧ್ಯಾಹ್ನದವರೆಗೆ ಕಾದು ಕಾದು ಹಳದಿಯಾಗುತ್ತದೆ, ಮೇಲೆ ಕೆನೆ ಕಟ್ಟುತ್ತಲೇ ಇರುತ್ತದೆ, ತೆಗೆಯುತ್ತಲೇ ಇರುತ್ತೇವೆ.

ಆದ್ದರಿಂದ ಅಂಗಡಿ ಬದಲಾಯಿಸುವ ಮೊದಲು ಹೊತ್ತು ಬದಲಾಯಿಸಿ ನೋಡಿ. "ಅಣ್ಣ, ಹೊಸ ಡಿಕಾಕ್ಷನ್ ಎಷ್ಟು ಹೊತ್ತಿಗೆ ಇಳಿಯುತ್ತದೆ?" ಎಂದು ಕೇಳಿ. ಹೀಗೆ ಕೇಳುವವರನ್ನು ನಾವು ಮರೆಯುವುದಿಲ್ಲ. ಮಾರನೆಯ ದಿನ ನಿಮ್ಮ ತಲೆ ಕಂಡ ಕೂಡಲೇ ಬೇರೆ ಲೋಟ ಕೈಗೆ ಬರುತ್ತದೆ. ಸಕ್ಕರೆ ಬೇಡವೆಂಬುದನ್ನು ಟೋಕನ್ ಕೊಡುವಾಗ ಹೇಳಿದರೆ ಸಾಲದು, ಕಲಸುವವನ ಕಣ್ಣು ನೋಡಿ ಹೇಳಬೇಕು. "ಸ್ಟ್ರಾಂಗ್" ಎಂದರೆ ಡಿಕಾಕ್ಷನ್ ಸ್ವಲ್ಪ ಮುಂದೆ ಮಾಡುತ್ತೇವೆ. ಹಳೆಯ ಡಿಕಾಕ್ಷನ್ ಇದ್ದಾಗ ಸ್ಟ್ರಾಂಗ್ ಕೇಳಿದರೆ ಹಳೆಯದೇ ಹೆಚ್ಚಾಗಿ ಬೀಳುತ್ತದೆ, ಅಷ್ಟೇ.

ಸಹಕಾರನಗರದವಳು

ಅಣ್ಣಾ, ನೀವು ಬರೆದದ್ದನ್ನು ಅತ್ತೆಯವರಿಗೆ ಓದಿ ಹೇಳಿದೆ. ಕಲಸುವವರ ಕಣ್ಣು ನೋಡಿ ಹೇಳಬೇಕೆಂಬ ಮಾತು ಅವರಿಗೆ ಬಹಳ ಹಿಡಿಸಿತು. ಕಾಗದದ ಲೋಟದ ಬಗ್ಗೆ ನಿಮ್ಮ ಅಭಿಪ್ರಾಯವೇನು? ನಮ್ಮ ಕಡೆ ಎರಡು ಅಂಗಡಿಗಳು ಸ್ಟೀಲ್ ಲೋಟವನ್ನೇ ತೆಗೆದುಬಿಟ್ಟಿವೆ.

ಕಾಫಿ ಕಟ್ಟೆ

ತೊಳೆಯುವವರು ಸಿಗುವುದಿಲ್ಲ ಅಮ್ಮಾ, ಅದೇ ಕಾರಣ. ಕೇಳಿದರೆ ಹೆಚ್ಚಿನ ಕಡೆ ಒಳಗೆ ನಾಲ್ಕು ಸ್ಟೀಲ್ ಲೋಟ ಇದ್ದೇ ಇರುತ್ತವೆ, ಕೆಲಸದವರು ಕುಡಿಯುವುದು ಅದರಲ್ಲೇ.

ಹದವಾದ ಹುರಿ

ಕಾಗದದ ಲೋಟದ ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ಪರೀಕ್ಷಿಸಿದಾಗ, 15 ನಿಮಿಷ ಬಿಸಿ ದ್ರವ ಇಟ್ಟ 100 ಮಿಲಿಲೀಟರಿನ ಲೋಟದಲ್ಲಿ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಕಂಡಿದ್ದವು. ರುಚಿಯ ಮಾತು ಬಿಟ್ಟರೂ ಸ್ಟೀಲ್ ಲೋಟ ಕೇಳುವುದಕ್ಕೆ ಇಷ್ಟು ಕಾರಣ ಸಾಕು.

ನಿತ್ಯಕಾಫಿ ಸರ್, ನೀರನ್ನೂ ವಿಚಾರಿಸಿ. ಗಾಂಧಿಬಜಾರಿನಲ್ಲಿ ನೀವು ಕುಡಿದದ್ದು ನೂರು ಕಿಲೋಮೀಟರ್ ದೂರದಿಂದ ಬರುವ ಕಾವೇರಿ ನೀರಿನ ಕಾಫಿ. ಹೊರವಲಯದ ಎಷ್ಟೋ ಅಂಗಡಿಗಳು ಕೊಳವೆಬಾವಿ, ಟ್ಯಾಂಕರ್ ನೀರನ್ನು ನಂಬಿವೆ. ಗಡಸು ನೀರು ಕಾಫಿಯ ಹುಳಿಯನ್ನೂ ಪರಿಮಳವನ್ನೂ ನುಂಗಿಬಿಡುತ್ತದೆ. ಎಲ್ಲ ಲವಣ ತೆಗೆದ ನೀರಾದರೆ ಕಾಫಿ ಚಪ್ಪೆ.

ನಿತ್ಯಕಾಫಿ

ನೀವೆಲ್ಲ ಹೇಳಿದ್ದನ್ನು ಇಟ್ಟುಕೊಂಡು ಸುತ್ತಾಡಿದೆ. ಏನಾಯಿತೆಂದು ಬರೆಯುತ್ತೇನೆ, ಇದೇ ಹುಡುಕಾಟದಲ್ಲಿ ಇರುವ ಬೇರೆಯವರಿಗೂ ಅನುಕೂಲವಾದೀತು.

ಮೊದಲು, ಮನೆಗೆ ಹತ್ತಿರದ ಆ ದರ್ಶಿನಿ. ಸಂಜೆ ನಾಲ್ಕೂವರೆಯ ನಂತರ ಹೋಗಿ ಕಲಸುವವರನ್ನು ಕೇಳಿದೆ. "ಈಗ ತಾನೇ ಇಳಿದಿದೆ ಸರ್" ಎಂದು ಅವರೇ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಕಾಫಿ ಬೆಳಗಿನಷ್ಟೇ ಚೆನ್ನಾಗಿತ್ತು. ಒಳಗಿನಿಂದ ಸ್ಟೀಲ್ ಲೋಟವೂ ಬಂತು. ಚಿಕೋರಿ ಮಾತ್ರ ನನ್ನ ಅಳತೆಗೆ ಹೆಚ್ಚು, ಮಾಲೀಕರನ್ನು ಕೇಳಿದಾಗ 60:40 ಎಂದರು. ಮುಚ್ಚುಮರೆ ಮಾಡಲಿಲ್ಲ, ಅದು ನನಗೆ ಮೆಚ್ಚುಗೆಯಾಯಿತು.

ಆಮೇಲೆ ಸಿಕ್ಕಿದ್ದು ನಾನು ಹುಡುಕದೇ ಇದ್ದ ಬಗೆಯ ಅಂಗಡಿ. ಪುಡಿ ಅಂಗಡಿ. ಮುಂದೆ ಗಿರಣಿ, ಬದಿಯಲ್ಲಿ ಒಂದು ಒಲೆ, ಎರಡು ಬೆಂಚು. ಪುಡಿಯ ರುಚಿ ತೋರಿಸಲೆಂದು ಶುರುಮಾಡಿದ ಕಾಫಿ ಈಗ ಬೆಳಿಗ್ಗೆ ಮತ್ತು ಸಂಜೆ ಮಾತ್ರ ಸಿಗುತ್ತದೆ. ದಂಪತಿ ನಡೆಸುತ್ತಾರೆ. ಹಿತ್ತಾಳೆಯ ಫಿಲ್ಟರುಗಳನ್ನು ಸಾಲಾಗಿ ಇಟ್ಟು, ಒಂದು ಖಾಲಿಯಾಗುವ ಮೊದಲೇ ಇನ್ನೊಂದಕ್ಕೆ ನೀರು ಹೊಯ್ಯುತ್ತಾರೆ. ಆ ಅಮ್ಮ ಪುಡಿಯನ್ನು ಫಿಲ್ಟರಿಗೆ ಹಾಕಿ ಬಿಲ್ಲೆಯಿಂದ ಒತ್ತುವುದಿಲ್ಲ, ಬಿಲ್ಲೆಯನ್ನು ಸುಮ್ಮನೆ ಇಟ್ಟು ಅದರ ಮೇಲೆ ನೀರನ್ನು ಸುತ್ತು ಸುತ್ತಾಗಿ ಬಿಡುತ್ತಾರೆ. ಒತ್ತಿದರೆ ಇಳಿಯುವುದು ತಡವಾಗಿ ಕಹಿ ಬರುತ್ತದೆ ಎಂದರು. ಹಾಲನ್ನು ಸಣ್ಣ ಪಾತ್ರೆಯಲ್ಲಿ ನಾಲ್ಕೈದು ಲೋಟಕ್ಕೆ ಆಗುವಷ್ಟೇ ಕಾಯಿಸುತ್ತಾರೆ, ಮುಗಿದ ಮೇಲೆ ಹೊಸ ಪೊಟ್ಟಣ. ನನ್ನ ಎದುರೇ ಒಬ್ಬರಿಗೆ "ಡಿಕಾಕ್ಷನ್ ಮುಗಿಯಿತು, ಹದಿನೈದು ನಿಮಿಷ ಆಗುತ್ತದೆ, ಕಾಯುತ್ತೀರಾ?" ಎಂದರು. ಅವರು ಕಾದರು. ನಾನೂ ಕಾದೆ.

ಪುಡಿ 85:15. ಪ್ಲಾಂಟೇಶನ್ ಎ ಜೊತೆಗೆ ಸ್ವಲ್ಪ ರೋಬಸ್ಟಾ ಪಾರ್ಚ್‌ಮೆಂಟ್ ಎಂದರು, ಸಕಲೇಶಪುರದವರಿಗೆ ಸಂತೋಷವಾಗಬಹುದು. ಬೆಲೆ ದರ್ಶಿನಿಗಿಂತ ಹತ್ತು ರೂಪಾಯಿ ಹೆಚ್ಚು, ಸಂತೋಷದಿಂದ ಕೊಟ್ಟೆ. ಮನೆಯಿಂದ ನಡೆದರೆ ಕಾಲು ಗಂಟೆಯ ದಾರಿ.

ಹೆಸರನ್ನು ಇಲ್ಲಿ ಹಾಕುವುದಿಲ್ಲ. ಅವರನ್ನು ಕೇಳಿದ್ದಕ್ಕೆ, "ಈಗ ಬರುವವರಿಗೆ ಸರಿಯಾಗಿ ಮಾಡಿಕೊಡುವುದಕ್ಕೆ ನಮ್ಮಿಬ್ಬರ ಕೈ ಸಾಕಾಗುತ್ತಿದೆ, ಹೆಚ್ಚು ಜನ ಬಂದರೆ ಆಗುವುದಿಲ್ಲ" ಎಂದರು. ಉಪನಗರದವರು ಯಾರಾದರೂ ಇದ್ದರೆ ಖಾಸಗಿಯಾಗಿ ಕೇಳಿ, ಜೊತೆಗೇ ಕರೆದುಕೊಂಡು ಹೋಗುತ್ತೇನೆ. ಸಹಕಾರನಗರದ ಮೇಡಂ, ಬೆಂಚು ಇದೆ, ಸಕ್ಕರೆ ಬೇರೆ ಡಬ್ಬಿಯಲ್ಲಿ ಇಟ್ಟಿರುತ್ತಾರೆ. ನಿಮ್ಮ ಅತ್ತೆಯವರನ್ನು ಕರೆದುಕೊಂಡು ಬನ್ನಿ.

ಎಂಟನೇ ಕ್ರಾಸ್, ಮಲ್ಲೇಶ್ವರ

ವ್ಯಾಪಾರ ನೋಡಿಕೊಂಡು ಹೋಗಿ ಎಂದು ನಾನು ಹೇಳಿದ್ದು ಇಂಥ ಅಂಗಡಿಗೆ ಹೊಂದುವುದಿಲ್ಲ, ಅದು ಬೇರೆಯೇ ಲೆಕ್ಕ. ಮುಗಿದಾಗ ಮುಗಿಯಿತು ಎನ್ನುವ ಧೈರ್ಯ ಇದ್ದರೆ ಜನ ಕಡಿಮೆ ಇದ್ದರೂ ಕಾಫಿ ಹೊಸದಾಗಿಯೇ ಇರುತ್ತದೆ.

ಸಹಕಾರನಗರದವಳು

ಖಂಡಿತ ಬರುತ್ತೇವೆ. ಭಾನುವಾರ ತೆರೆದಿರುತ್ತದೆಯೇ? ಮತ್ತೊಂದು ಪ್ರಶ್ನೆ ಕಾಫಿ ಕಟ್ಟೆಯ ಅಣ್ಣನಿಗೆ: ಮನೆಯಲ್ಲಿರುವ ಮಾವನವರಿಗೆ ಫ್ಲಾಸ್ಕಿನಲ್ಲಿ ತರಬೇಕು. ರುಚಿ ಉಳಿಯುತ್ತದೆಯೇ?

ನಿತ್ಯಕಾಫಿ

ಭಾನುವಾರ ಬೆಳಿಗ್ಗೆ ಮಾತ್ರ. ಹತ್ತು ಗಂಟೆಯ ಒಳಗೆ ಬನ್ನಿ.

ಕಾಫಿ ಕಟ್ಟೆ

ಕಲಸಿದ ಕಾಫಿಯನ್ನು ಫ್ಲಾಸ್ಕಿಗೆ ಹಾಕಿಸಬೇಡಿ ಅಮ್ಮಾ, ಮನೆ ತಲುಪುವಷ್ಟರಲ್ಲಿ ಹಾಲಿನ ವಾಸನೆ ಬೇರೆಯಾಗಿರುತ್ತದೆ. ಬರಿಯ ಡಿಕಾಕ್ಷನ್ ಕೇಳಿ, ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಕೊಡುತ್ತಾರೆ. ಅದನ್ನು ಒಲೆಯ ಮೇಲಿಟ್ಟು ಕಾಯಿಸಬೇಡಿ. ಹಾಲನ್ನು ಚೆನ್ನಾಗಿ ಕುದಿಸಿ, ಉಕ್ಕು ಬಂದ ಕೂಡಲೇ ಇಳಿಸಿ, ಲೋಟದಲ್ಲಿರುವ ಡಿಕಾಕ್ಷನ್ ಮೇಲೆ ಎತ್ತರದಿಂದ ಹೊಯ್ಯಿರಿ. ಎರಡು ಸಲ ಎತ್ತಿ ಹೊಯ್ದರೆ ನೊರೆಯೂ ಬರುತ್ತದೆ, ಮಾವನವರಿಗೆ ಬೇಕಾದ ಬಿಸಿಯೂ ಉಳಿಯುತ್ತದೆ.